ಮೆಟ್ಟಿಲ ಕೆಳಗಿನ ಇಪ್ಪತ್ತನೆಯ ವರ್ಗ

ಮಾರ್ಚ್ ೪, ಸೋಮವಾರ

ತೀರ್ಪುಗಳ ಸಂಪುಟವೊಂದರ ಒಳಗೆ ಇವತ್ತು ಕೋಲೋ ಮೀ ನೂಡಲ್ಲಿನ ಒಂದು ಎಳೆ ಸಿಕ್ಕಿತು. ಒಣಗಿ ನೂಲಾಗಿ ಪುಟಕ್ಕೆ ಅಂಟಿಕೊಂಡಿತ್ತು. ಉಗುರಲ್ಲಿ ಕೆರೆದು ತೆಗೆದೆ. ಕೂಚಿಂಗಿನ ವಕೀಲರಿಗೆ ನ್ಯಾಯಾಲಯದ ಗ್ರಂಥಾಲಯ ಅಂದರೆ ಫ್ಯಾನು ತಿರುಗುವ ಹೋಟೆಲು. ನೂಡಲ್ ತಿನ್ನುತ್ತ ಓದುತ್ತಾರೆ, ಕಿತ್ತಳೆ ಸಿಪ್ಪೆಯನ್ನು ಪುಟದ ಗುರುತಿಗೆ ಇಡುತ್ತಾರೆ, ಆಮೇಲೆ ಪುಸ್ತಕ ಸಿಗಲಿಲ್ಲ ಅಂತ ನನ್ನ ಮೇಲೆ ಹಾರಾಡುತ್ತಾರೆ. ತೆಗೆದಲ್ಲಿ ಇಡುವುದನ್ನು ಕೋತಿಗೂ ಕಲಿಸಬಹುದು. ಇವರಿಗೆ ಆಗಲ್ಲ.

ಇನ್ನು ಹದಿನಾರು ವಾರ, ಅಷ್ಟೆ. ಜೂನ್ ಇಪ್ಪತ್ತೆಂಟಕ್ಕೆ ನನ್ನ ನಿವೃತ್ತಿ. ಅವತ್ತೇ ನನ್ನ ವರ್ಗೀಕರಣ ಪಟ್ಟಿ ಅಚ್ಚಾಗಿ ಬರುತ್ತದೆ. ಗಟ್ಟಿ ರಟ್ಟು, ಬಂಗಾರದ ಅಕ್ಷರ, ಕೆಳಗೆ ಬೊಂಗ್ ನ್ಯುಕ್ ಲಾನ್ ಅಂತ ಹೆಸರು. ಮೂವತ್ತೇಳು ವರ್ಷ ಕೂತು ಇಪ್ಪತ್ತು ವರ್ಗ ಮಾಡಿದ್ದೇನೆ. ಸಿಬು, ಮಿರಿ ಊರುಗಳ ಕೋರ್ಟಿನಲ್ಲೂ ಅದೇ ಪಟ್ಟಿ ನೋಡಿ ಪುಸ್ತಕ ಜೋಡಿಸುತ್ತಾರೆ. ಈ ರಾಜ್ಯದಲ್ಲಿ ಕಾನೂನಿನ ಒಂದು ಹಾಳೆ ಎಲ್ಲಿ ಕೂರಬೇಕು ಅಂತ ಹೇಳುವವಳು ನಾನು. ನ್ಯಾಯಾಧೀಶರೂ ನನ್ನ ಅಂಕಿ ನೋಡಿಯೇ ನಡೆಯುತ್ತಾರೆ.

ಹೊಸ ಹುಡುಗಿ ರಫೇಯಾ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಲು ಬಂದಿದ್ದಾಳೆ. ಕೈಯಲ್ಲಿ ಒಂದು ಗನ್ನು, ಪುಸ್ತಕಕ್ಕೆ ಹಿಡಿದರೆ ಕೀಕ್ ಅನ್ನುತ್ತದೆ. ದಿನವಿಡೀ ಕೀಕ್ ಕೀಕ್. ಅವಳಿಗೆ ಕಾನೂನೂ ತಿಳಿಯದು, ಸುಮ್ಮನಿರುವುದೂ ತಿಳಿಯದು.

ಸಂಜೆ ನಾಲ್ಕಕ್ಕೆ ಕಾಡಿನ ಕಡೆಯ ಇಬಾನ್ ಬುಡಕಟ್ಟಿನ ಒಬ್ಬ ಮುದುಕ ಬಂದ. ರಬ್ಬರ್ ಚಪ್ಪಲಿ, ಹೆಗಲಿಗೆ ಬೆತ್ತದ ಬುಟ್ಟಿ. ಲೆಂಪಾಯು ಹೊಳೆಯ ದಡದಲ್ಲಿ ಊರಿಗೆ ಊರೇ ಒಂದು ಸೂರಿನಡಿ ಬಾಳುವ ಉದ್ದಮನೆಯೊಂದರ ಯಜಮಾನನಂತೆ, ಹೆಸರು ಉಂಗ್ಗಾತ್.

“ಅವ್ವಾ, ನಮ್ಮಜ್ಜನ ಮಾತು ಬರ್ಕೊಂಡಿರೋ ಪುಸ್ತಕ ಬೇಕಾಗಿತ್ತು” ಅಂದ.

ಮದುವೆಯೇ ಆಗದವಳಿಗೆ ಅವ್ವ!

“ಲೇಖಕರು ಯಾರು?”

“ಅಜ್ಜ.”

“ಹೆಸರೇನು ಪುಸ್ತಕದ್ದು?”

“ಅದಕ್ಕೆ ಹೆಸರಿಲ್ಲ.”

“ಯಾವ ವರ್ಷ?”

“ನಮ್ಮಕ್ಕ ಹುಟ್ಟಿದ ವರ್ಷ. ಹೊಳೆ ಎರಡು ಸಲ ಜಗಲಿಗೆ ಹತ್ತಿದ್ದು ನೋಡಿ, ಅದೇ ವರ್ಷ. ರಾಜನ ಕಾಲದ ಬಿಳಿ ಅಧಿಕಾರಿ ನಮ್ಮ ಜಗಲೀಲಿ ಮೂರು ದಿನ ಕೂತು ಬರ್ಕೊಂಡ. ನೀಲಿ ರಟ್ಟು.”

ನನ್ನ ಪಟ್ಟಿಯಲ್ಲಿ ಇಲ್ಲದ್ದು ಇಲ್ಲ ಅಂತ ಹೇಳಿ ಕಳಿಸಿದೆ. ನೀಲಿ ರಟ್ಟಂತೆ.

ಮಾರ್ಚ್ ೬, ಬುಧವಾರ

ಮತ್ತೆ ಬಂದಿದ್ದ. ಇಲ್ಲ ಅಂದರೆ ಇಲ್ಲ ಅನ್ನುವುದು ಇವರ ಭಾಷೆಯಲ್ಲಿ ಇಲ್ಲವೋ ಏನೋ. ಓದುವ ಮೇಜಿನಲ್ಲಿ ನೆಟ್ಟಗೆ ಕೂತಿದ್ದ. ಮುಂದೆ ಪುಸ್ತಕವಿಲ್ಲ, ಕಾಗದವಿಲ್ಲ. ಓದದವರು ಓದುವ ಮೇಜಿನಲ್ಲಿ ಕೂರುವ ಹಾಗಿಲ್ಲ ಅಂತ ನಿಯಮ ಮಾಡಿಲ್ಲವಲ್ಲ ಅಂತ ಕೈ ಕೈ ಹಿಸುಕಿಕೊಂಡೆ.

ರಫೇಯಾ ಹೋಗಿ ಅವನ ಪುರಾಣ ಕೇಳಿಕೊಂಡು ಬಂದಳು. ತಾಳೆ ತೋಟದ ಕಂಪನಿಯೊಂದಕ್ಕೆ ಸರ್ಕಾರ ಹೊಳೆಯ ಆಚೆ ದಡ ಬರೆದುಕೊಟ್ಟಿದೆ. ಇವನ ಉದ್ದಮನೆಯ ಮೂವತ್ತೆಂಟು ಮನೆಯವರು ಅದು ತಮ್ಮ ಅಜ್ಜಂದಿರ ಕಾಡು ಅನ್ನುತ್ತಾರೆ. ಕಾಗದ ಎಲ್ಲಿ ಅಂತ ಕೋರ್ಟು ಕೇಳಿದೆ. ಮೇ ಇಪ್ಪತ್ತೊಂದಕ್ಕೆ ವಿಚಾರಣೆ. ಅಷ್ಟರೊಳಗೆ ಕಾಗದ ಸಿಕ್ಕದಿದ್ದರೆ ಬುಲ್ಡೋಜರು.

“ಪಾಪ ಅಲ್ವಾ ಮಿಸ್?” ಅಂದಳು.

ಕಾಗದ ಇಟ್ಟುಕೊಳ್ಳದವರನ್ನು ನೋಡಿ ನನಗೆ ಪಾಪ ಅನ್ನಿಸುವುದಿಲ್ಲ. ಎಲ್ಲ ಬಾಯಲ್ಲಿ ಇಟ್ಟುಕೊಂಡರೆ ಹೀಗೇ ಆಗುವುದು.

ಮಾರ್ಚ್ ೧೨, ಮಂಗಳವಾರ

ಬಂದ. ಕೂತ. ಹೋದ. ಮೇಜಿನ ಮೇಲೆ ಬಿದಿರಲ್ಲಿ ಬೇಯಿಸಿದ ಅನ್ನ ಬಿಟ್ಟು ಹೋಗಿದ್ದಾನೆ, ನನಗಂತೆ. ಗ್ರಂಥಾಲಯದೊಳಗೆ ತಿಂಡಿ ನಿಷೇಧ. ರಫೇಯಾಗೆ ಕೊಟ್ಟೆ.

ಮಾರ್ಚ್ ೧೯, ಮಂಗಳವಾರ

ಇವತ್ತು ತಡೆಯಲಾಗದೆ ಅವನ ಎದುರು ಹೋಗಿ ಕೂತೆ. ಇವನ ಬಾಯಿ ಒಮ್ಮೆ ಮುಚ್ಚಿಸಿದರೆ ಊರಿಗೆ ಹೋದಾನು ಅಂತ ಲೆಕ್ಕ ಹಾಕಿದ್ದೆ.

“ನಿಮ್ಮ ಕಾಡು ಅಂತೀರಲ್ಲ, ಏನು ಗುರುತು?”

“ಮರ.”

“ಕಾಡಲ್ಲಿ ಮರ ಇರದೆ ಇನ್ನೇನಿರುತ್ತೆ?”

“ತಾನಾಗಿ ಹುಟ್ಟಿದ್ದಲ್ಲ ಅವ್ವಾ, ನೆಟ್ಟಿದ್ದು” ಅಂತ ಕಣ್ಣು ಮುಚ್ಚಿ ಶುರುಮಾಡಿದ. ಮೊದಲು ಹೊಳೆ, ಆಮೇಲೆ ಹೊಳೆಯ ತಿರುವು, ತಿರುವಿನ ಮೇಲಿನ ದಿಣ್ಣೆ, ದಿಣ್ಣೆಯ ಮೇಲಿನ ಮರ, ಅದು ಡೂರಿಯನ್ನೋ ರಬ್ಬರೋ ಇನ್ನೊಂದೋ, ನೆಟ್ಟವರು ಯಾರು, ಹಣ್ಣು ಯಾರ ಮಕ್ಕಳಿಗೆ. ಮೂವತ್ತೊಂದು ಮರ ಹೇಳಿದ. ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ನಡುವೆ ತಡೆದು ಕೇಳಿದೆ, “ಮೂರನೇ ತಿರುವು, ಎರಡನೇ ದಿಣ್ಣೆ, ರಬ್ಬರ್ ಯಾರದು?”

“ಅಲ್ಲಿ ರಬ್ಬರಿಲ್ಲ. ಕಲ್ಲು ಜಾಸ್ತಿ. ಅಲ್ಲಿರೋದು ಲುನ್ಸಾಳ ಡೂರಿಯನ್ನು, ಸಿಡಿಲು ಹೊಡ್ದು ಅರ್ಧ ಸುಟ್ಟೋಗಿದೆ.”

ಅರ್ಧ ಗಂಟೆ ಬಿಟ್ಟು ಹಿಂದುಮುಂದಾಗಿ ಮತ್ತೆ ಕೇಳಿದೆ. ಎಲ್ಲೂ ತಪ್ಪಲಿಲ್ಲ. ಹೊಸ ಮರ ನೆಟ್ಟರೆ ಎಲ್ಲಿ ಸೇರಿಸುತ್ತೀರಿ ಅಂದರೆ, ಅದಕ್ಕೂ ಜಾಗ ಉಂಟು. ಮರ ಸತ್ತರೆ ಆ ಜಾಗ ಖಾಲಿ ಇಡುತ್ತಾರೆ, ಬೇರೆ ಮರಕ್ಕೆ ಆ ಹೆಸರು ಕೊಡಲ್ಲ. ನನ್ನ ಪಟ್ಟಿಯಲ್ಲಿ ಏಳನೆಯ ವರ್ಗಕ್ಕೆ ಈ ಬುದ್ಧಿ ಬರಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು.

ಮುದುಕನಿಗೆ ಯಾರೋ ಕಲಿಸಿಕೊಟ್ಟಿರಬೇಕು. ತಲೆನೋವು ಬಂತು, ಬೇಗ ಮನೆಗೆ ಬಂದೆ.

ಮಾರ್ಚ್ ೨೮, ಗುರುವಾರ

ಹಾಳಾದವಳು ರಫೇಯಾ. ಬೀರುವಿನ ಹಿಂದೆ ಬಿದ್ದಿದ್ದ ಹಳೆಯ ದಾಖಲಾತಿ ಪುಸ್ತಕವನ್ನು ಹೊರಗೆಳೆದಿದ್ದಾಳೆ. ಓಡಿಬಂದು ನನ್ನ ಮೇಜಿನ ಮೇಲೆ ಧೂಳು ಕೊಡವಿದಳು.

“ಮಿಸ್, ನೋಡಿ ಇಲ್ಲಿ! ಎಂಬತ್ತೊಂದನೇ ಇಸವಿ. ‘ಮುಚ್ಚಿದ ಜಿಲ್ಲಾ ಕಚೇರಿಯಿಂದ ಬಂದ ನೋಟುಬುಕ್ಕುಗಳು, ಹದಿನಾಲ್ಕು, ನೀಲಿ ರಟ್ಟು.’ ಪಕ್ಕದಲ್ಲಿ ವರ್ಗ ಸಂಖ್ಯೆನೂ ಇದೆ, ೨೦.೯. ಅದೇನು ೨೦.೯?”

ಇಪ್ಪತ್ತನೆಯ ವರ್ಗ ನನ್ನ ಪಟ್ಟಿಯ ಕೊನೆಯದು. ಕಾನೂನಲ್ಲದ ಕಸಕ್ಕೆ ಅದನ್ನು ಮಾಡಿದ್ದು. ೨೦.೧ ಸನ್ಮಾನದ ಭಾಷಣ, ೨೦.೨ ಕ್ಯಾಲೆಂಡರು, ಹಾಗೇ ಇಳಿಯುತ್ತ ಹೋಗಿ ೨೦.೯ ಕಟ್ಟುಕಥೆ, ಶಕುನ, ಕಾಡುಜನರ ಆಚಾರ. ಆ ವರ್ಗದ ಪುಸ್ತಕ ಯಾರೂ ಕೇಳುವುದಿಲ್ಲ ಅಂತ ಅದೇ ವರ್ಷ ನಾನೇ ಎಲ್ಲವನ್ನೂ ಮೆಟ್ಟಿಲ ಕೆಳಗಿನ ಗೂಡಿಗೆ ಹಾಕಿಸಿ ಬೀಗ ಜಡಿಸಿದ್ದೆ. ಪಟ್ಟಿಯ ಚೀಟಿಯನ್ನೂ ಹರಿದಿದ್ದೆ.

“ಯಾರ ಅಕ್ಷರ ಮಿಸ್ ಇದು?”

“ಯಾರದೋ. ಆಗ ನಾಲ್ಕು ಜನ ಗುಮಾಸ್ತರಿದ್ದರು. ನನ್ನದಲ್ಲ” ಅಂದೆ.

ಅವಳು ನನ್ನ ಮುಖ ನೋಡಿದಳು. ಆ ಹುಡುಗಿಗೆ ಹಿರಿಯರನ್ನು ಹಾಗೆ ದಿಟ್ಟಿಸಬಾರದು ಅನ್ನುವುದನ್ನೂ ಯಾರೂ ಕಲಿಸಿಲ್ಲ.

ಗೂಡಿನ ಬೀಗದ ಕೈ ಕಳೆದುಹೋಗಿದೆ ಅಂತಲೂ ಹೇಳಿದೆ. ಬೀಗದ ಕೈ ನನ್ನ ಚೀಲದಲ್ಲೇ ಇದೆ.

ಏಪ್ರಿಲ್ ೪, ಗುರುವಾರ

ಚಿಂಗ್‌ಮಿಂಗ್. ಹಿರಿಯರ ಸಮಾಧಿ ತೊಳೆದು ಪೂಜಿಸುವ ದಿನ. ರಜೆ ಹಾಕಿ ಅಪ್ಪನ ಸಮಾಧಿಗೆ ಹೋದೆ. ಬೆಟ್ಟದ ಮೇಲೆ ನಮ್ಮ ಹಕ್ಕಾ ಚೀನೀ ಜನರದ್ದೇ ಜಾತ್ರೆ, ಒಬ್ಬೊಬ್ಬರ ಕೈಯಲ್ಲೂ ಕತ್ತಿ, ಊದುಬತ್ತಿ, ಬೇಯಿಸಿದ ಹಂದಿ. ಸ್ಮಶಾನದ ಸಮಿತಿಯವರು ಸಮಾಧಿಗೆಲ್ಲ ಹೊಸ ನಂಬರು ಬರೆಸುತ್ತಿದ್ದಾರೆ. ಸಮಿತಿಯ ಮನುಷ್ಯ ಮೇಜು ಹಾಕಿ ಕೂತಿದ್ದ, ಪುಸ್ತಕದಲ್ಲಿ ನೋಡಿ, “ಈ ಹೆಸರಿನವರು ಇಲ್ಲಿಲ್ಲ ಅಕ್ಕಾ” ಅಂದ.

“ಇಲ್ಲ ಅಂದ್ರೆ? ಎದ್ದು ಹೋದ್ರಾ?”

“ಪುಸ್ತಕದಲ್ಲಿ ಇಲ್ಲ, ನಾನೇನು ಮಾಡ್ಲಿ?”

“ನಿನ್ನ ಪುಸ್ತಕ ಹೊಳೆಗೆ ಹಾಕು. ಆ ಗೋಡಂಬಿ ಮರ ಕಾಣುತ್ತಾ, ಅದರ ಬಲಕ್ಕೆ ತಿರುಗು, ಚೋಂಗ್ ಅಜ್ಜಿಯ ಸಮಾಧಿ ದಾಟು, ಮೂರನೆಯದು ನಮ್ಮಪ್ಪ. ಇಪ್ಪತ್ತಾರು ವರ್ಷದಿಂದ ಅಲ್ಲೇ ಮಲಗಿದ್ದಾರೆ, ಹುಲ್ಲು ಕೀಳೋಳು ನಾನು!”

ಬೆಪ್ಪುತಕ್ಕಡಿ. ಪುಸ್ತಕದಲ್ಲಿ ಇಲ್ಲದಿದ್ದರೆ ಮನುಷ್ಯನೇ ಇಲ್ಲವಂತೆ.

ಹುಲ್ಲು ಕಿತ್ತು, ಕಲ್ಲು ಒರೆಸಿ, ಅಪ್ಪನಿಗೆಂದು ಪೂಜೆಯ ಕಾಗದ ಸುಟ್ಟು ಬಂದೆ. ಬೆನ್ನು ಹಿಡಿದುಕೊಂಡಿದೆ. ಯಾಕೋ ಸಿಟ್ಟು ಇನ್ನೂ ಇಳಿದಿಲ್ಲ.

ಏಪ್ರಿಲ್ ೫, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಹೋದೆ, ರಫೇಯಾ ಬರುವ ಮುಂಚೆ. ಬೀಗ ತುಕ್ಕು ಹಿಡಿದಿತ್ತು, ಅಡುಗೆ ಎಣ್ಣೆ ಹಾಕಿ ತೆಗೆದೆ. ಒಳಗೆ ಇಲಿ ಹಿಕ್ಕೆ, ಹಳೆ ಕ್ಯಾಲೆಂಡರು, ಅದರ ಅಡಿಯಲ್ಲಿ ದಾರ ಕಟ್ಟಿದ ಕಟ್ಟು. ಎಂಬತ್ತೊಂದರಲ್ಲಿ ಜಿಲ್ಲಾ ಕಚೇರಿಯವರು ಕಟ್ಟಿ ಕಳಿಸಿದ ಗಂಟು ಹಾಗೇ ಇತ್ತು. ಅಂದರೆ ನಾನು ಬಿಚ್ಚಿಯೇ ಇರಲಿಲ್ಲ.

ಮೇಲಿನ ನೋಟುಬುಕ್ಕಿನ ರಟ್ಟಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ಒಂದು ಹಕ್ಕಿ ಬರೆದಿದ್ದಾರೆ, ದೊಡ್ಡ ಕೊಕ್ಕಿನ ಮಂಗಟ್ಟೆ. ಬೇಜಾರಾದ ಯಾವನೋ ಗುಮಾಸ್ತ ಗೀಚಿದ್ದು. ನಾನು ಅವತ್ತು ಆ ಹಕ್ಕಿ ನೋಡಿದೆ, ಒಣಮೀನಿನ ವಾಸನೆ ನೋಡಿದೆ, ೨೦.೯ ಅಂತ ಬರೆದೆ. ಈಗ ನೆನಪಾಗುತ್ತಿದೆ. ಊಟದ ಹೊತ್ತಾಗಿತ್ತು.

ನೆಲದ ಮೇಲೆ ಕೂತು ಬಿಚ್ಚಿ ಓದಿದೆ. ಮೊದಲ ಪುಟದ ಮೊದಲ ಸಾಲು: ಲೆಂಪಾಯು ಹೊಳೆಯ ಕೆಳಗಿನ ಉದ್ದಮನೆಯವರು ವಾದಿ, ಮೇಲಿನ ಉದ್ದಮನೆಯವರು ಪ್ರತಿವಾದಿ. ಗಡಿಯ ತಗಾದೆ. ಸಾಕ್ಷಿಗಳು ಹನ್ನೆರಡು, ಒಬ್ಬೊಬ್ಬರ ಮಾತು ಬೇರೆ ಬೇರೆ, ಕೆಳಗೆ ಹೆಬ್ಬೆಟ್ಟು. ಮೂರು ದಿನದ ವಿಚಾರಣೆ. ಅಲ್ಲಲ್ಲಿ ಅವರ ಕಟ್ಟಳೆಗಳು, ಯಾವ ತಪ್ಪಿಗೆ ಯಾವ ದಂಡ ಅಂತ. ಕೊನೆಗೆ ಅಧಿಕಾರಿಯ ನಿರ್ಣಯ, ತಾರೀಖು, ಮೊಹರು.

ಇದು ತೀರ್ಪು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವಂಥ ತೀರ್ಪು. ನಾಲ್ಕನೆಯ ವರ್ಗ.

ಮಧ್ಯಾಹ್ನ ಒಂದೂವರೆಗೆ ರಫೇಯಾ ಬಂದು ಗೂಡಿನ ಬಾಗಿಲಲ್ಲಿ ನಿಂತಳು. ನನ್ನ ಮೈ ಬಟ್ಟೆಯೆಲ್ಲ ಧೂಳು.

“ಬೀಗದ ಕೈ ಸಿಕ್ತು” ಅಂದೆ.

“ಒಳ್ಳೇದಾಯ್ತು ಮಿಸ್” ಅಂದಳು. ಟೀ ತಂದುಕೊಟ್ಟಳು. ಸಕ್ಕರೆ ಜಾಸ್ತಿ.

ಏಪ್ರಿಲ್ ೮, ಸೋಮವಾರ

ಮುದುಕನ ಮುಂದೆ ನೋಟುಬುಕ್ಕು ಇಟ್ಟೆ. “ಇದಾ?” ಅಂದೆ, ಅಷ್ಟೆ.

ಅವನು ಮುಟ್ಟಲಿಲ್ಲ. ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. “ಓದು ಅವ್ವಾ. ನಂಗೆ ಬರಲ್ಲ.”

ನಾನು ಗ್ರಂಥಪಾಲಕಿ, ಹರಿಕಥೆ ಹೇಳುವವಳಲ್ಲ. ಆದರೂ ಓದಿದೆ, ಇಂಗ್ಲಿಷಿನಿಂದ ಮಲಯಕ್ಕೆ ತಿರುಗಿಸುತ್ತ. ಐದನೇ ಸಾಕ್ಷಿ ಇವನ ಅಜ್ಜ. ಮೊದಲ ತಿರುವು, ಮೊದಲ ದಿಣ್ಣೆ ಅಂತ ನಾನು ಶುರುಮಾಡಿದೆ. ಎರಡನೇ ಸಾಲಿಗೆ ಅವನೂ ಸೇರಿಕೊಂಡ. ಹತ್ತನೇ ಮರದ ಹೊತ್ತಿಗೆ ನಾನು ಪುಟ ತಿರುಗಿಸುವ ಮುಂಚೆ ಅವನು ಮುಂದಿನ ಮರ ಹೇಳುತ್ತಿದ್ದ. ಎಪ್ಪತ್ತೈದು ವರ್ಷದ ಹಿಂದೆ ಬರೆದಿಟ್ಟದ್ದು, ಅದೇ ಮಾತು, ಅದೇ ಸಾಲು. ಒಂದು ಕಡೆ ಮಾತ್ರ ಬೇರೆ ಬಂತು. ನೋಟುಬುಕ್ಕಿನಲ್ಲಿ ಲುನ್ಸಾಳ ಡೂರಿಯನ್ನಿಗೆ ಇನ್ನೂ ಸಿಡಿಲು ಹೊಡೆದಿರಲಿಲ್ಲ.

ಕೊನೆಯಲ್ಲಿ ಹೆಬ್ಬೆಟ್ಟು ತೋರಿಸಿದೆ. ಅದರ ಮೇಲೆ ಕೈ ಹಿಡಿದ, ಮುಟ್ಟದೆ, ಒಲೆಯ ಕಾವು ನೋಡುವ ಹಾಗೆ.

“ಎಲ್ಲಿತ್ತವ್ವಾ ಇಷ್ಟು ದಿನ?”

“ಮೆಟ್ಟಿಲ ಕೆಳಗೆ.”

“ಯಾರಿಟ್ಟಿದ್ದು?”

ಓದುವ ಕೋಣೆಯಲ್ಲಿ ಮಾತು ನಿಷೇಧ ಅಂತ ಫಲಕ ತೋರಿಸಿ ಎದ್ದು ಬಂದೆ.

ರಫೇಯಾ ಮೆಲ್ಲಗೆ ಅಂದಳು, “ಆ ಅಕ್ಷರ ನಿಮ್ದೇ ಅಂತ ನಂಗವತ್ತೇ ಗೊತ್ತಿತ್ತು ಮಿಸ್. ನಿಮ್ಮ ಒಂಬತ್ತಿಗೆ ಬಾಲ ಇರುತ್ತೆ.”

ಬಾಲವಂತೆ. ಇವಳ ಗನ್ನಿಗೆ ಬೆಂಕಿ ಬೀಳ.

ಮೇ ೧೩, ಸೋಮವಾರ

ಒಂದು ತಿಂಗಳು ಬರೆಯಲು ಏನೂ ಇರಲಿಲ್ಲ. ಮುದುಕನ ವಕೀಲೆ, ಅವನ ಜಾತಿಯದೇ ಹುಡುಗಿ ಎಂಗ್ಗು, ನೋಟುಬುಕ್ಕುಗಳ ನಕಲು ಮಾಡಿಸಿಕೊಂಡು ಹೋದಳು. ನನ್ನ ಪುಸ್ತಕದ ಕರಡು ಬಂತು, ತಿದ್ದಿ ಕಳಿಸಿದೆ. ಮೂರು ಅಲ್ಪವಿರಾಮ ತಪ್ಪು ಹಾಕಿದ್ದರು.

ಇವತ್ತು ದಾತುಕ್ ಪಾವ್ ಬಂದ. ಕಂಪನಿಯ ಕಡೆಯ ದೊಡ್ಡ ವಕೀಲ, ದಾತುಕ್ ಅನ್ನುವುದು ಸರ್ಕಾರ ಕೊಟ್ಟ ಬಿರುದು. ಆ ನೂಡಲ್ ಎಳೆ ಇವನದೇ ಅಂತ ನನಗೆ ಗುಮಾನಿ. ನನ್ನ ಪುಸ್ತಕ ಅಚ್ಚುಹಾಕಿಸುವ ಸಮಿತಿಗೂ ಅವನೇ ಅಧ್ಯಕ್ಷ. ಬರಿಗೈಲಿ ಬರಲಿಲ್ಲ, ಪದರ ಪದರದ ಬಣ್ಣದ ಕೇಕು ತಂದಿದ್ದ. ಕುರ್ಚಿ ಎಳೆದುಕೊಂಡು ಕೂತ.

“ಮಿಸ್ ಬೊಂಗ್, ನಿಮ್ಮ ಪಟ್ಟಿ ಇದ್ಯಲ್ಲ, ಅದು ನಮ್ಮ ಪಾಲಿಗೆ ದೇವರು ಬಂದ ಹಾಗೆ ಬಂತು. ಆ ಮುದುಕ ಕೋರ್ಟಿಗೆ ನೋಟುಬುಕ್ಕು ತಂದಿದ್ದಾನೆ. ನೋಟುಬುಕ್ಕಿನ ಬೆನ್ನ ಮೇಲೆ ಏನಿದೆ? ೨೦.೯! ಕಟ್ಟುಕಥೆ, ಶಕುನ. ರಾಜ್ಯದ ಕಾನೂನು ಗ್ರಂಥಾಲಯವೇ ಹೇಳಿಬಿಟ್ಟಿದೆ ಇದು ಕಾನೂನಲ್ಲ ಅಂತ.”

“ಅದು ಎಂಬತ್ತೊಂದರಲ್ಲಿ...”

“ನಿಮ್ಮನ್ನ ಸಾಕ್ಷಿಗೆ ಕರೀತೀನಿ. ಒಂದೇ ಪ್ರಶ್ನೆ. ಈ ಸಂಖ್ಯೆ ನೀವು ಕೊಟ್ಟದ್ದಾ? ಹೌದು ಅನ್ನಿ. ಸರಿಯಾಗಿ ಕೊಟ್ಟದ್ದಾ? ಹೌದು ಅನ್ನಿ. ಮುಗೀತು, ಊಟಕ್ಕೆ ಹೋಗೋಣ.”

“ಒಂದು ಸಂಖ್ಯೆ ತಪ್ಪಿರಬಹುದು” ಅಂದೆ.

ಅವನು ನಕ್ಕ. “ಒಂದು ತಪ್ಪು ಅಂತ ನೀವೇ ಕೋರ್ಟಲ್ಲಿ ನಿಂತು ಹೇಳಿದ್ಮೇಲೆ ಉಳಿದ ಹತ್ತೊಂಬತ್ತು ಸಾವಿರ ಸಂಖ್ಯೆ ಯಾರು ನಂಬ್ತಾರೆ? ಅಂಥ ಪಟ್ಟೀನ ಬಂಗಾರದ ಅಕ್ಷರದಲ್ಲಿ ಹಾಕಿಸೋಕೆ ಸಮಿತಿಗೆ ತಲೆ ಕೆಟ್ಟಿಲ್ವಲ್ಲ. ಯೋಚನೆ ಮಾಡಿ. ಮೂವತ್ತೇಳು ವರ್ಷ.”

ಹೋಗುವಾಗ ಒಂದು ಸಂಪುಟ ತೆಗೆದು ನೋಡಿ ಬೇರೆ ಕಪಾಟಿನಲ್ಲಿ ತುರುಕಿ ಹೋದ. ಇಂಥವನು ದಾತುಕ್.

ಮೇ ೧೭, ಶುಕ್ರವಾರ

ನಿದ್ದೆ ಇಲ್ಲ. ಕೇಕು ಹಳಸಿತು, ಎಸೆದೆ.

ಮುದುಕ ಈಗಲೂ ದಿನಾ ಬರುತ್ತಾನೆ, ಅದೇ ಕುರ್ಚಿ. “ಅವ್ವಾ, ಗೆಲ್ತೀವಾ?” ಅಂತ ಕೇಳಿದ.

“ನಾನೇನು ಕಣಿ ಹೇಳೋಳಾ? ಗೊತ್ತಿಲ್ಲ.”

“ಸೋತ್ರೆ ಅಜ್ಜನ ಗೋರಿ ಮೇಲೆ ತಾಳೆ ನೆಡ್ತಾರೆ. ಗೋರಿಗೆ ಕಲ್ಲಿಲ್ಲ ನೋಡು, ಬುಲ್ಡೋಜರಿನವನಿಗೆ ಹೇಗೆ ಗೊತ್ತಾಗ್ಬೇಕು? ಎರಡನೇ ತಿರುವಿನ ಬಿದಿರು ಮೆಳೆಯ ಎಡಕ್ಕೆ. ನಂಗೆ ಗೊತ್ತು, ಇನ್ನು ನಾಲ್ಕು ಜನಕ್ಕೆ ಗೊತ್ತು.”

ಅಪ್ಪನ ಗೋಡಂಬಿ ಮರ ನೆನಪಾಯಿತು. ಯಾಕೆ ನೆನಪಾಗಬೇಕಿತ್ತೋ. ಎರಡಕ್ಕೂ ಏನೂ ಸಂಬಂಧವಿಲ್ಲ.

ಸಂಜೆ ಪಟ್ಟಿಯ ಅಂತಿಮ ಕರಡು ತೆಗೆದು ಇಪ್ಪತ್ತನೆಯ ವರ್ಗ ಓದಿದೆ. “ಕಾಡುಜನರ ಆಚಾರ.” ಎಂಬತ್ತೊಂದರಲ್ಲಿ ಇದೇ ಮೇಜಿನಲ್ಲಿ ಕೂತಿದ್ದ ಇಪ್ಪತ್ತೇಳು ವರ್ಷದ ಹುಡುಗಿ ಬರೆದದ್ದು. ಎಷ್ಟು ಸೊಕ್ಕಿತ್ತು ಅವಳಿಗೆ, ಒಂದು ಕಟ್ಟು ಬಿಚ್ಚಿ ನೋಡುವಷ್ಟು ವ್ಯವಧಾನವಿರಲಿಲ್ಲ. ಅಂಥವಳು ನನ್ನ ಕೈಕೆಳಗಿದ್ದಿದ್ದರೆ ಅವತ್ತೇ ಕೆಲಸದಿಂದ ತೆಗೆಯುತ್ತಿದ್ದೆ.

ಮೇ ೨೧, ಮಂಗಳವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕೋರ್ಟು ತುಂಬಿತ್ತು. ಉದ್ದಮನೆಯವರು ಒಂದು ಲಾರಿ ಜನ ಬಂದಿದ್ದರು, ಹೆಂಗಸರು ಮಕ್ಕಳೆಲ್ಲ, ಹಬ್ಬದ ಬಟ್ಟೆಯಲ್ಲಿ, ಸದ್ದಿಲ್ಲದೆ. ದಾತುಕ್ ಪಾವ್ ನೋಟುಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ತೊಳೆಯದ ತಟ್ಟೆಯನ್ನು ಹಾಗೆ ಹಿಡಿಯುತ್ತಾರೆ.

“ಮಿಸ್ ಬೊಂಗ್, ಈ ಸಂಖ್ಯೆ ನಿಮ್ಮ ಕೈಯದಾ?”

“ನನ್ನದೇ. ಒಂಬತ್ತಿಗೆ ಬಾಲ ಇದೆ.”

“೨೦.೯ ಅಂದ್ರೆ ಕೋರ್ಟಿಗೆ ಸ್ವಲ್ಪ ಹೇಳ್ತೀರಾ?”

“ಕಟ್ಟುಕಥೆ, ಶಕುನ, ಕಾಡುಜನರ ಆಚಾರ.”

ಹಿಂದಿನ ಬೆಂಚಲ್ಲಿ ವಕೀಲರು ನಕ್ಕರು. ಉದ್ದಮನೆಯವರಿಗೆ ಯಾರೋ ಅನುವಾದ ಮಾಡಿ ಹೇಳಿದರು. ಅವರು ನಗಲಿಲ್ಲ. ಮುದುಕ ನನ್ನನ್ನೇ ನೋಡುತ್ತಿದ್ದ.

“ರಾಜ್ಯದ ಅತಿ ಹಿರಿಯ ವರ್ಗೀಕರಣಕಾರರು ಸರಿಯಾಗಿ ಯೋಚಿಸಿ ಕೊಟ್ಟ ಸಂಖ್ಯೆ ಅಲ್ವಾ ಇದು?”

“ಅಲ್ಲ.”

“ಕ್ಷಮಿಸಿ?”

“ಯೋಚಿಸಲಿಲ್ಲ. ಬಿಚ್ಚಲೂ ಇಲ್ಲ. ರಟ್ಟಿನ ಮೇಲೆ ಹಕ್ಕಿ ಇತ್ತು, ಮೀನಿನ ವಾಸನೆ ಬರ್ತಿತ್ತು. ಹಸಿವಾಗಿತ್ತು. ೨೦.೯ ಅಂತ ಬರೆದು ಊಟಕ್ಕೆ ಹೋದೆ.”

ದಾತುಕ್ ಪಾವ್ ನೋಟುಬುಕ್ಕನ್ನು ಮೇಜಿನ ಮೇಲೆ ಹಾಕಿದ. ಆಮೇಲೆ ಧ್ವನಿ ಬದಲಾಯಿತು. “ಹಾಗಾದ್ರೆ ಓದದೆ ಸಂಖ್ಯೆ ಕೊಡೋದು ನಿಮ್ಮ ಪದ್ಧತಿ. ಎಷ್ಟು ಪುಸ್ತಕಕ್ಕೆ ಹೀಗೆ ಕೊಟ್ಟಿದ್ದೀರಿ?”

“ಹದಿನಾಲ್ಕಕ್ಕೆ. ಎಲ್ಲಾ ಇದೇ ಕಟ್ಟಿನಲ್ಲಿವೆ. ಮಿಕ್ಕಿದ್ದೆಲ್ಲ ಓದಿದ್ದೇನೆ. ನೀವು ಬರೆದ ಭೂಕಾನೂನಿನ ಪುಸ್ತಕವನ್ನೂ ಪೂರ್ತಿ ಓದಿದ್ದೇನೆ, ದಾತುಕ್. ಅದು ಓದುವುದು ಇದಕ್ಕಿಂತ ಕಷ್ಟವಾಯಿತು.”

ನ್ಯಾಯಾಧೀಶರು ಕೆಮ್ಮಿದರು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ. ಅವರೇ ಕೇಳಿದರು, “ಈಗ ಓದಿದ್ದೀರಲ್ಲ, ಸರಿಯಾದ ವರ್ಗ ಯಾವುದು?”

“ನಾಲ್ಕನೆಯದು. ತೀರ್ಪುಗಳು. ಇವರು ಹೇಳುವುದು ಆಚಾರ ಅಲ್ಲ ಸ್ವಾಮಿ, ಕಾನೂನು. ವಾದಿ ಇದ್ದಾನೆ, ಪ್ರತಿವಾದಿ ಇದ್ದಾನೆ, ಸಾಕ್ಷಿ, ದಂಡ, ನಿರ್ಣಯ ಎಲ್ಲಾ ಇದೆ. ನನ್ನ ಪಟ್ಟಿ ತಪ್ಪು.”

ನನ್ನ ಪಟ್ಟಿ ತಪ್ಪು ಅಂತ ತುಂಬಿದ ಕೋರ್ಟಿನಲ್ಲಿ ನಾನೇ ಹೇಳಿದೆ. ಕಟಕಟೆಯಿಂದ ಇಳಿದೆ. ಅಳು ಬಂತು, ಹೆಂಗಸರ ಕೋಣೆಗೆ ಹೋಗಿ ಅತ್ತೆ. ಅಲ್ಲಿನ ನಲ್ಲಿ ಸರಿಯಿಲ್ಲ.

ಮೇ ೨೩, ಗುರುವಾರ

ಎರಡು ಸುದ್ದಿ. ನೋಟುಬುಕ್ಕುಗಳನ್ನು ಕೋರ್ಟು ದಾಖಲೆಯಾಗಿ ಒಪ್ಪಿದೆ, ನಕಲು ಇಟ್ಟುಕೊಂಡು ಮೂಲವನ್ನು ಗ್ರಂಥಾಲಯಕ್ಕೇ ಕಳಿಸಿದೆ. ಕೊನೆಯ ತೀರ್ಪು ಬರುವವರೆಗೆ ಕಂಪನಿಯವರು ಹೊಳೆ ದಾಟುವ ಹಾಗಿಲ್ಲ.

ಇನ್ನೊಂದು, ಪುಸ್ತಕ ಅಚ್ಚಾಗುವುದಿಲ್ಲ. ಸಮಿತಿಯಿಂದ ಮೂರು ಸಾಲಿನ ಪತ್ರ. ಅದರಲ್ಲೂ ನನ್ನ ಹೆಸರು ತಪ್ಪು ಬರೆದಿದ್ದಾರೆ.

ಮೇ ೨೯, ಬುಧವಾರ

ಮುದುಕ ಬಂದ, ಜೊತೆಗೆ ಇಬ್ಬರು ಹಿರಿಯರು. ಹೂವಿನ ಹಾರವೋ ಬಿದಿರಿನ ಅನ್ನವೋ ತಂದಿರುತ್ತಾರೆ, ಕೃತಜ್ಞತೆ ಅಂತ ಗೋಳಾಡುತ್ತಾರೆ, ಹೇಗೆ ಸಾಗಹಾಕುವುದು ಅಂತ ಯೋಚಿಸುತ್ತಿದ್ದೆ. ಮೂವರೂ ನನ್ನ ಮೇಜಿನೆದುರು ಸಾಲಾಗಿ ಕೂತರು.

“ಅವ್ವಾ, ನಿನಗೆ ದಂಡ ಹಾಕೋಕೆ ಬಂದಿದ್ದೀವಿ” ಅಂದ ಉಂಗ್ಗಾತ್.

“ಏನಂದ್ರಿ?”

“ನಮ್ಮಜ್ಜನ ಮಾತನ್ನ ಮೂವತ್ತೆರಡು ವರ್ಷ ಮೆಟ್ಟಿಲ ಕೆಳಗೆ ಹಾಕಿ ಬೀಗ ಹಾಕಿದ್ದೆ. ಅದರ ಮೇಲೆ ಎಷ್ಟು ಜನ ತುಳ್ಕೊಂಡು ಹತ್ತಿದ್ರೋ. ಕೋರ್ಟಲ್ಲಿ ಒಪ್ಕೊಂಡೆ, ಒಳ್ಳೇದು. ಆದ್ರೆ ತಪ್ಪು ತಪ್ಪೇ.”

ಮೈಯೆಲ್ಲ ಉರಿಯಿತು. ಇವರಿಗಾಗಿ ನಾನು ಕೆಟ್ಟೆ, ನನ್ನ ಪುಸ್ತಕ ಹೋಯಿತು, ಮರ್ಯಾದೆ ಹೋಯಿತು, ಮೇಲೆ ದಂಡ ಬೇರೆ!

“ಯಾವ ಕಾನೂನಿನಲ್ಲಿದೆ ಇದು? ಯಾವ ಪುಟ?”

“ಪುಟ ನಂಗೆ ಗೊತ್ತಿಲ್ಲ. ನೀನೇ ಓದಿ ಹೇಳಿದ್ದಲ್ಲ. ಎಂಟನೇ ಸಾಕ್ಷಿ ಹೇಳ್ತಾನೆ ನೋಡು, ಸತ್ತವರ ವಸ್ತುವನ್ನ ಕಾಲಡಿ ಹಾಕಿದವರಿಗೆ ಏನು ಅಂತ.”

ತೆಗೆದು ನೋಡಿದೆ. ಎರಡನೇ ನೋಟುಬುಕ್ಕು, ಪುಟ ಅರವತ್ತೊಂದು. ಒಂದು ತಟ್ಟೆ, ಒಂದು ಕತ್ತಿ, ಒಂದು ಕೋಳಿ. ಕತ್ತಿ ಯಾಕೆಂದರೆ ನೊಂದವರ ಜೀವ ಕಬ್ಬಿಣದ ಹಾಗೆ ಗಟ್ಟಿಯಾಗಲಿ ಅಂತ. ಅದರ ಕೆಳಗೆ ಇನ್ನೊಂದು ಸಾಲು.

“ದಂಡ ಕೊಟ್ಟ ಮೇಲೆ?” ಅಂತ ಕೇಳಿದೆ, ಗೊತ್ತಿದ್ದರೂ.

“ಕೊಟ್ಟ ಮೇಲೆ ಮುಗೀತು. ಆ ಮಾತು ಇನ್ನು ಯಾರೂ ಎತ್ತೋ ಹಾಗಿಲ್ಲ. ನಾನೂ ಎತ್ತೋ ಹಾಗಿಲ್ಲ, ನೀನೂ ನಿನ್ನೊಳಗೇ ಎತ್ಕೊಳ್ಳೋ ಹಾಗಿಲ್ಲ. ಎತ್ತಿದವರಿಗೆ ಅದೇ ದಂಡ, ಒಂದು ತಟ್ಟೆ, ಒಂದು ಕತ್ತಿ, ಒಂದು ಕೋಳಿ.”

“ಕಾನೂನು ಅಂದ್ರೆ ಕಾನೂನು. ನಾಳೆ ಬನ್ನಿ” ಅಂದೆ.

ಮೇ ೩೦, ಗುರುವಾರ

ಐವತ್ತೊಂಬತ್ತು ವರ್ಷದಲ್ಲಿ ಜೀವಂತ ಕೋಳಿ ಹಿಡಿದವಳಲ್ಲ ನಾನು. ಸಂತೆಯ ಹಕ್ಕಾ ಮುದುಕಿ, “ಸೂಪಿಗಾ ಅಕ್ಕಾ, ಕೊಯ್ದು ಕೊಡ್ಲಾ?” ಅಂದಳು.

“ಬೇಡ, ದಂಡಕ್ಕೆ.”

“ಏನು ತಪ್ಪು ಮಾಡ್ದೆ?”

“ಹೇಳೋ ಹಾಗಿಲ್ಲ” ಅಂದುಬಿಟ್ಟೆ. ದಂಡ ಇನ್ನೂ ಕೊಟ್ಟಿರಲೇ ಇಲ್ಲ, ಆಗಲೇ.

ಕತ್ತಿಗೆ ಮೂರು ಅಂಗಡಿ ತಿರುಗಿದೆ. ಕಳಪೆ ಕತ್ತಿ ಕೊಟ್ಟು ಆಡಿಸಿಕೊಳ್ಳುವುದು ಬೇಡ ಅಂತ ಒಳ್ಳೆಯದೇ ಕೊಂಡೆ. ತಟ್ಟೆಗೆ ಹೂವಿನ ಚಿತ್ರ. ಕೋಳಿ ಗ್ರಂಥಾಲಯದೊಳಗೆ ತಪ್ಪಿಸಿಕೊಂಡು ಸಂವಿಧಾನದ ಕಪಾಟಿನ ಮೇಲೆ ಹೋಗಿ ಕೂತಿತು. ರಫೇಯಾ ಕುರ್ಚಿ ಹತ್ತಿ ಹಿಡಿದಳು, ನಕ್ಕು ನಕ್ಕು ಕಣ್ಣಲ್ಲಿ ನೀರು. ಅವಳು ಅಷ್ಟೊಂದು ದಡ್ಡಿಯಲ್ಲ.

ಉಂಗ್ಗಾತ್ ಕೋಳಿಯನ್ನು ನನ್ನ ತಲೆಯ ಮೇಲೆ ಒಂದು ಸುತ್ತು ತಿರುಗಿಸಿ ಏನೋ ಅಂದ. “ಮುಗೀತು” ಅಂದ. ನಾಡಿದ್ದು ಅವರ ಸುಗ್ಗಿಹಬ್ಬ, ಗವಾಯ್, ಬಾ ಅಂದ. ನನಗೆ ಹೊಳೆಯ ಪ್ರಯಾಣ ಆಗುವುದಿಲ್ಲ, ವಾಂತಿ ಬರುತ್ತದೆ ಅಂದೆ. ಎಂಟು ಗಂಟೆಯ ದೋಣಿಯಂತೆ.

ನಿದ್ದೆ ಬರುತ್ತಿದೆ.

ಜೂನ್ ೩, ಸೋಮವಾರ

ದೋಣಿಯಲ್ಲಿ ಎರಡು ಸಲ ವಾಂತಿಯಾಯಿತು. ಲುನ್ಸಾಳ ಡೂರಿಯನ್ ಮೂರನೇ ತಿರುವು, ಎರಡನೇ ದಿಣ್ಣೆಯಲ್ಲೇ ಇದೆ. ಅರ್ಧ ಸುಟ್ಟಿದೆ. ಉಳಿದರ್ಧ ಹಣ್ಣು ಬಿಡುತ್ತದಂತೆ.

ಜೂನ್ ೨೮, ಶುಕ್ರವಾರ

ಬೆಳಿಗ್ಗೆ ಕೊನೆಯ ಕೆಲಸ ಮುಗಿಸಿದೆ. ಹದಿನಾಲ್ಕು ನೋಟುಬುಕ್ಕಿನ ಬೆನ್ನಿಗೆ ಹಬೆ ಹಿಡಿದು ಹಳೆ ಚೀಟಿ ಬಿಡಿಸಿ ಹೊಸದು ಅಂಟಿಸಿದೆ. ನಾಲ್ಕನೆಯ ವರ್ಗದಲ್ಲಿ ಮೊದಲ ಕಪಾಟು, ಕಣ್ಣಿಗೆ ನೇರ ಬರುವ ಸಾಲು. ಪಟ್ಟಿಯಲ್ಲಿ ೨೦.೯ರ ಎದುರು ‘ಖಾಲಿ’ ಅಂತ ಬರೆದೆ. ಬೇರೆ ಯಾವುದಕ್ಕೂ ಆ ಸಂಖ್ಯೆ ಕೊಡಬೇಡ ಅಂತ ರಫೇಯಾಗೆ ಹೇಳಿದೆ. ಅವಳು ಗನ್ನು ಹಿಡಿದಳು, ಕೀಕ್ ಅಂತು.

ಮಧ್ಯಾಹ್ನ ಬೀಳ್ಕೊಡುಗೆ. ಬಿಸಿಲಿಗೆ ಬಾಡಿದ ಸಮೋಸ, ಪ್ಲಾಸ್ಟಿಕ್ ಗಡಿಯಾರದ ಕಾಣಿಕೆ. ಗಡಿಯಾರ ನಡೆಯುತ್ತಿಲ್ಲ. ಉಂಗ್ಗಾತ್ ಹೊಳೆಯಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ದಾತುಕ್ ಪಾವ್ ಭಾಷಣಕ್ಕೆ ಎದ್ದ.

“ನಮ್ಮ ಮಿಸ್ ಬೊಂಗ್ ಎಲ್ಲರನ್ನೂ ವರ್ಗಕ್ಕೆ ಹಾಕಿದವರು. ಒಂದೇ ಒಂದು ಕಟ್ಟು ಮಾತ್ರ ಓದದೆ ಮೆಟ್ಟಿಲ ಕೆಳಗೆ ಹಾಕಿದ್ರಲ್ಲ, ಮೂವತ್ತೆರಡು ವರ್ಷ, ಆ ಕಥೆ ನಾವು ಮರೆಯೋ ಹಾಗೇ ಇಲ್ಲ!”

ಎಲ್ಲರೂ ನಕ್ಕರು. ಕೊನೆಯ ಸಾಲಿನಲ್ಲಿ ಉಂಗ್ಗಾತ್ ನಗದೆ, ಮೂರು ಬೆರಳು ಎತ್ತಿ ತೋರಿಸಿದ.

ನಾನು ಎದ್ದು ನಿಂತೆ.

“ದಾತುಕ್, ಆ ಮಾತು ಎತ್ತೋ ಹಾಗಿಲ್ಲ. ಎತ್ತಿದ್ದೀರಿ. ಒಂದು ತಟ್ಟೆ, ಒಂದು ಕತ್ತಿ, ಒಂದು ಕೋಳಿ. ಕೊನೆಯ ಸಾಲಿನಲ್ಲಿ ಕೂತಿದ್ದಾರಲ್ಲ, ಅವರಿಗೆ ಕೊಡಬೇಕು.”

“ಹಹ್ಹಾ! ಯಾವ ಕಾನೂನಿನಲ್ಲಿ ಮಿಸ್ ಬೊಂಗ್?”

“ನಾಲ್ಕನೆಯ ವರ್ಗ, ಎರಡನೇ ನೋಟುಬುಕ್ಕು, ಪುಟ ಅರವತ್ತೊಂದು. ಕಣ್ಣಿಗೆ ನೇರ ಬರುವ ಸಾಲಿನಲ್ಲಿದೆ, ಹೋಗಿ ಓದಿ. ಓದಿದ ಮೇಲೆ ತೆಗೆದಲ್ಲೇ ಇಡಿ.”

ಅವನು ಇನ್ನೂ ನಗುತ್ತಿದ್ದ. ಸುತ್ತ ಯಾರೂ ನಗುತ್ತಿಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಜುಲೈ ೨, ಮಂಗಳವಾರ

ರಫೇಯಾ ಫೋನು ಮಾಡಿದ್ದಳು. ತಟ್ಟೆ ಮತ್ತು ಕತ್ತಿ ಬಂದಿವೆಯಂತೆ, ದಾತುಕ್ ಪಾವ್ ಡ್ರೈವರ್ ಕೈಲಿ ಕಳಿಸಿದ್ದಾನೆ. ಕತ್ತಿ ಕಳಪೆಯಂತೆ.

ಕೋಳಿ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ನಾನೇ ಅವನ ಆಫೀಸಿಗೆ ಹೋಗಿ ಕೂರುತ್ತೇನೆ. ಅಲ್ಲಿ ಕೂರುವುದಕ್ಕೆ ಮೇಜು ಕುರ್ಚಿ ಇದ್ದೇ ಇರುತ್ತದೆ.